ನಲವತ್ತು ಡಿಗ್ರಿ ಬಿಸಿಲಲ್ಲಿ ಹಲ್ಲು ಕಟಕಟ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ಹೊರಗಿನವರು ಆಡಿಕೊಳ್ಳುತ್ತಾರೆ. ಅಂಥ ಊರಲ್ಲಿ, ಏಪ್ರಿಲ್ ತಿಂಗಳ ಒಂದು ಸಂಜೆ, ಗೋಡೆ ಮುಟ್ಟಿದರೂ ಬಿಸಿ ತಾಗುವ ಹೊತ್ತಿನಲ್ಲಿ, ನಮ್ಮ ಮನೆಗೆ ಬಂದು ಇನ್ನೂ ವಾರವಾಗಿರದ ಗ್ರೇಹೌಂಡ್ ನಾಯಿ ನನ್ನ ಮುಂದೆ ನಿಂತು ಕಟಕಟಕಟ ಅಂತ ಹಲ್ಲು ಬಡಿಯತೊಡಗಿತು. ಚಳಿಗೆ ಬಡಿಯುತ್ತೇವಲ್ಲ, ಥೇಟ್ ಹಾಗೆಯೇ. ಕೆಳದವಡೆ ಸಣ್ಣಗೆ ಅದುರುತ್ತಿತ್ತು, ಮೀಸೆ ಕೂದಲೂ ಅದರ ಜೊತೆ ಅದುರುತ್ತಿತ್ತು.

ಹೆಸರು ಚಿಗರಿ. ಹೊಸಪೇಟೆಯಲ್ಲಿದ್ದ ಗೆಳೆಯನಿಗೆ ದೂರದ ಊರಿಗೆ ವರ್ಗವಾಯಿತು, ಅಪಾರ್ಟ್‌ಮೆಂಟಿನಲ್ಲಿ ಇಷ್ಟುದ್ದದ ನಾಯಿ ಇಡೋಕೆ ಆಗಲ್ಲ ಅಂತ ನನಗೆ ಒಪ್ಪಿಸಿ ಹೋದ. ಓಣಿಯವರೆಲ್ಲ ಅದನ್ನು ಮುಧೋಳ ಅಂತಲೇ ಕರೆಯುತ್ತಾರೆ, ನಾನೂ ತಿದ್ದೋದು ಬಿಟ್ಟಿದ್ದೇನೆ. ಎರಡೂ ಒಂದೇ ಮಾದರಿಯ ನಾಯಿಗಳು ತಾನೇ? ಮೂಗಿಗಿಂತ ಕಣ್ಣನ್ನು ನಂಬಿ ಬೇಟೆ ಅಟ್ಟಿಸಿಕೊಂಡು ಹೋಗುವ ಜಾತಿ, ಉದ್ದ ಮೂತಿ, ಆಳವಾದ ಎದೆ, ಇಲ್ಲವೇ ಇಲ್ಲ ಅನ್ನುವಂಥ ಹೊಟ್ಟೆ. ನಮ್ಮ ಮುಧೋಳಕ್ಕೆ 2005ರಲ್ಲಿ ಅಂಚೆ ಚೀಟಿಯ ಗೌರವವೂ ಸಿಕ್ಕಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಹಾಗಾಗಿ ಚಿಗರಿಗೆ ಬೇಜಾರಾಗಬೇಕಾದ್ದೇನಿಲ್ಲ.

ಆವತ್ತು ಸಂಜೆ ಪಕ್ಕದ ಮನೆ ಅಜ್ಜಿ ಕಟ್ಟೆ ಮೇಲಿಂದಲೇ ನೋಡಿ, "ತಮ್ಮಾ, ನಾಯಿಗೆ ಹುಚ್ಚು ಹಿಡದೈತೇನು ನೋಡಪಾ, ಹಲ್ಲು ಕಡಿಯಾಕತ್ತೈತಿ" ಅಂದರು. ನನಗೂ ಎದೆ ಧಸಕ್ಕೆಂದಿತು. ಗೆಳೆಯನಿಗೆ ಫೋನ್ ಮಾಡಿದರೆ ಅವನು ನಕ್ಕ. "ನಿನ್ನ ಒಪ್ಪಿಕೊಂಡೈತಿ ಬಿಡು" ಅಂದ.

ಅವನು ಹೇಳಿದ್ದು ನಿಜ. ಗ್ರೇಹೌಂಡ್ ಸಾಕಿದವರಿಗೆಲ್ಲ ಇದು ಗೊತ್ತಿರುವ ಮಾತು. ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ 1926ರಲ್ಲಿ ಯಂತ್ರದ ಮೊಲದ ಹಿಂದೆ ಗ್ರೇಹೌಂಡ್ ಓಡಿಸುವ ಜೂಜು ಶುರುವಾಯಿತು. ಓಡಿ ಓಡಿ ಮುಗಿದ ನಾಯಿಗಳನ್ನು ಮನೆಗೆ ಕರೆತಂದು ಸಾಕುವ ರೂಢಿ ಅಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಆಮೇಲೆ ಬೆಳೆಯಿತು. ಹಾಗೆ ಸಾಕಿದವರು ಈ ಕಟಕಟವನ್ನು ಬೆಕ್ಕಿನ ಗುರುಗುರುವಿಗೆ ಹೋಲಿಸುತ್ತಾರೆ. ಭಾವ ಒಂದೇ ಇರಬಹುದು, ಯಂತ್ರ ಬೇರೆ. ಬೆಕ್ಕು ಸದ್ದು ಮಾಡೋದು ಗಂಟಲಿನ ಧ್ವನಿಪೆಟ್ಟಿಗೆಯಿಂದ, ಸೆಕೆಂಡಿಗೆ 25-30 ಸಲ ಅದುರಿಸಿ. ನಾಯಿಯದು ಬರೀ ದವಡೆ.

ಈ ದವಡೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಮ್ಮೆ ಮೆಲುಕು ಹಾಕುವಾಗ ಅದರ ದವಡೆ ಅಡ್ಡಡ್ಡ ಓಡಾಡುತ್ತದೆ, ಬೀಸುವ ಕಲ್ಲಿನ ಹಾಗೆ. ನಾಯಿಗೆ ಅದಾಗಲ್ಲ. ನಾಯಿಯ ದವಡೆ ಕೀಲು ಬಾಗಿಲ ಬಿಜಾಗರಿ ಇದ್ದ ಹಾಗೆ, ಮೇಲೆ ಕೆಳಗೆ ಅಷ್ಟೇ, ಅಡ್ಡ ಚಲನೆ ತೀರಾ ಕಡಿಮೆ. ಬಾಯಿ ಮುಚ್ಚೋಕೆ ಕೆನ್ನೆಯಲ್ಲಿ, ನೆತ್ತಿಯ ಎರಡೂ ಪಕ್ಕ, ಒಳಗಡೆ ಅಂತ ದೊಡ್ಡ ಸ್ನಾಯುಗಳ ದಂಡೇ ಇದೆ. ತೆರೆಯೋಕೆ ಮಾತ್ರ ಮುಖ್ಯವಾಗಿ ಒಂದು ಜೊತೆ. ಇವುಗಳಲ್ಲಿ ಬಹುಪಾಲನ್ನು ಆಡಿಸೋದು ಮಿದುಳಿನಿಂದ ಹೊರಡುವ ಐದನೇ ನರ, ಟ್ರೈಜೆಮಿನಲ್. ಮುಚ್ಚುವ ಸ್ನಾಯುಗಳ ಒಳಗೆ, ಸ್ನಾಯು ಎಷ್ಟು ಹಿಗ್ಗಿದೆ ಅಂತ ಸದಾ ಅಳೆಯುತ್ತಿರುವ ಸಣ್ಣ ಸಣ್ಣ ಎಳೆಗಳಿವೆ. ಹಿಗ್ಗಿತು ಅಂತ ಸುದ್ದಿ ಹೋದ ತಕ್ಷಣ ಕುಗ್ಗು ಅಂತ ಅಪ್ಪಣೆ ಬರುತ್ತದೆ. ಕುಗ್ಗಿದ ಮೇಲೆ ಸಡಿಲ, ಸಡಿಲವಾದ ಮೇಲೆ ಮತ್ತೆ ಹಿಗ್ಗು, ಮತ್ತೆ ಕುಗ್ಗು. ಮಾಮೂಲಿ ಹೊತ್ತಿನಲ್ಲಿ ಈ ಓಲಾಟ ಕಣ್ಣಿಗೆ ಕಾಣಲ್ಲ. ಮೈಯಲ್ಲಿ ಅಡ್ರಿನಲಿನ್ ಏರಿದಾಗ ಕಾಣುತ್ತದೆ. ಮಾಲೆ ಹಿಡಿದು ನಿಂತ ಮದುಮಗನ ಕೈ ನೋಡಿಲ್ವಾ? ಹೆದರಿಕೆಯೂ ಅಲ್ಲ, ಚಳಿಯೂ ಅಲ್ಲ, ಆದರೂ ಮಾಲೆಯ ಹೂವು ಅಲ್ಲಾಡುತ್ತಿರುತ್ತದೆ.

ಗ್ರೇಹೌಂಡಿನಲ್ಲೇ ಇದು ಇಷ್ಟು ಎದ್ದು ಕಾಣೋದು ಯಾಕೆ? ನನ್ನ ಲೆಕ್ಕ ಹೀಗೆ: ಸಾರಿನ ಸೌಟು ಹಿಡಿಯ ಹತ್ತಿರ ಚೂರು ಅಲ್ಲಾಡಿದರೆ ತುದಿಯಲ್ಲಿ ಎಷ್ಟು ಆಡುತ್ತೆ ನೋಡಿ. ಉದ್ದ ಮೂತಿಯ ನಾಯಿಯಲ್ಲಿ ಕೀಲಿನ ಸಣ್ಣ ನಡುಕ ಮೂತಿಯ ತುದಿಗೆ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಜೊತೆಗೆ ತುಟಿ ತೆಳ್ಳಗೆ, ಬಿಗಿ. ಜೋಲು ತುಟಿಯ ನಾಯಿಯಲ್ಲಿ ಒಳಗೇ ಅಡಗಿಹೋಗುವ ಸದ್ದು ಇಲ್ಲಿ ಪಕ್ಕದ ಕೋಣೆಗೂ ಕೇಳುತ್ತದೆ.

ಖುಷಿಯ ಕಟಕಟಕ್ಕೆ ಗುರುತು ಬಾಯಲ್ಲಿಲ್ಲ, ಉಳಿದ ಮೈಯಲ್ಲಿದೆ. ನಾನು ಚಪ್ಪಲಿ ಬಿಚ್ಚುತ್ತಿದ್ದಂತೆ ಚಿಗರಿ ಬಂದು ತನ್ನ ಅಷ್ಟೂ ಭಾರ ನನ್ನ ತೊಡೆಗೆ ಒರಗಿಸುತ್ತದೆ. ಕಿವಿ ಹಿಂದಕ್ಕೆ ಸಡಿಲ, ಬಾಲ ಸುತ್ತುತ್ತಿರುತ್ತದೆ. ಕಿವಿಯ ಬುಡ ತಿಕ್ಕಿದರೆ ಕಣ್ಣು ಸ್ವಲ್ಪ ಹೊರಗೆ ಬಂದ ಹಾಗಾಗಿ ಹಲ್ಲು ಶುರು. ಕೈ ತೆಗೆದರೆ ನಿಲ್ಲುತ್ತದೆ. ಬಿಸ್ಕತ್ತಿನ ಡಬ್ಬಿ ಸದ್ದಾದರಂತೂ ಅರ್ಧಕ್ಕೇ ನಿಲ್ಲಿಸಿ ಓಡುತ್ತದೆ. ಈ "ನಿಲ್ಲುತ್ತದೆ" ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀದಿಯಲ್ಲಿ ಇನ್ನೊಂದು ಬಗೆ. ಕರೆಂಟ್ ಕಂಬದ ಬುಡವನ್ನು ಮೂಸಿ, ನೆಕ್ಕಿ, ಆಮೇಲೆ ತಲೆ ಎತ್ತಿ ಎಲ್ಲೋ ನೋಡುತ್ತಾ ಹಲ್ಲು ಬಡಿಯುತ್ತದೆ, ಬಾಯಂಚಿನಲ್ಲಿ ಚೂರು ನೊರೆ. ನೋಡೋಕೆ ಅಸಹ್ಯ, ಆದರೆ ಇದು ಓದು. ಮೇಲಿನ ಮುಂದಿನ ಹಲ್ಲುಗಳ ಹಿಂದೆಯೇ ಅಂಗುಳಲ್ಲಿ ಒಂದು ಸಣ್ಣ ಗುಬಟು, ಅದರ ಪಕ್ಕ ಎರಡು ಕಿರು ನಾಳ. ಅವು ಹೋಗಿ ಸೇರೋದು ಜೇಕಬ್ಸನ್ ಅಂಗಕ್ಕೆ. ಡೆನ್ಮಾರ್ಕಿನ ಜೇಕಬ್ಸನ್ ಅನ್ನುವ ವೈದ್ಯ 1811ರಲ್ಲಿ ವಿವರಿಸಿದ ಅಂಗ ಅದು. ಗಾಳಿಯಲ್ಲಿ ಸುಲಭವಾಗಿ ಹಾರದ ವಾಸನೆಗಳನ್ನು, ಮುಖ್ಯವಾಗಿ ಉಚ್ಚೆಯಲ್ಲಿರುವ ಬೆದೆಯ ಸುದ್ದಿಯನ್ನು, ಎಂಜಲಲ್ಲಿ ಕಲಸಿ ಅಲ್ಲಿಗೆ ಮುಟ್ಟಿಸಬೇಕು. ಹೋತ ಮೂತಿ ಮೇಲೆತ್ತಿ ತುಟಿ ಮಡಚಿ ಹಲ್ಲು ಕಿರಿಯೋದನ್ನು ಕುರಿ ಮೇಯಿಸಿದವರೆಲ್ಲ ನೋಡಿರುತ್ತಾರೆ, ಅದು ಮಾಡೋದೂ ಇದೇ ಕೆಲಸ. ನಾಯಿ ತುಟಿ ಮಡಚಲ್ಲ, ನಾಲಿಗೆ ಆಡಿಸುತ್ತಾ ಹಲ್ಲು ಬಡಿಯುತ್ತದೆ. ಗಂಡು ನಾಯಿಗಳಲ್ಲಿ ಇದು ಜಾಸ್ತಿ.

ಚಳಿಯದನ್ನು ಹೆಚ್ಚು ಹೇಳಬೇಕಿಲ್ಲ. ಈ ನಾಯಿಗಳಿಗೆ ಚರ್ಮದಡಿ ಕೊಬ್ಬಿಲ್ಲ, ಒಳಗೂದಲಿಲ್ಲ. ನಮ್ಮಲ್ಲೂ ಡಿಸೆಂಬರಿನ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ. ಇನ್ನು ಮೇ ತಿಂಗಳಲ್ಲಿ ಸ್ನಾನ ಮಾಡಿಸಿ ಒದ್ದೆ ಮೈಯಲ್ಲೇ ಕೂಲರ್ ಮುಂದೆ ಮಲಗಿಸಿದರೆ ಅದು ಬಳ್ಳಾರಿ ಬಿಸಿಲನ್ನು ಕೇಳಿ ನಡುಗುತ್ತಾ? ಒಣಗಿಸಿ, ಹಳೇ ಕೌದಿ ಹೊದಿಸಿದರೆ ಮುಗಿಯಿತು. ಬೇಸಿಗೆಯಲ್ಲಿ ತೇಕುವಾಗಲೂ ದವಡೆ ಅದುರುತ್ತದೆ, ನಾಯಿ ಜೋರಾಗಿ ತೇಕುವಾಗ ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಉಸಿರಾಡುತ್ತದೆ. ಬಾಯಿ ತೆರೆದಿರುವುದರಿಂದ ಸದ್ದಿರಲ್ಲ, ಅಷ್ಟೇ. ಆಗ ಕೌದಿಯಲ್ಲ, ನೆರಳು, ನೀರು ಬೇಕು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಖುಷಿಗೆ ಹಲ್ಲು ಬಡಿಯುತ್ತೆ ಅಂತ ಗೊತ್ತಾದ ಮೇಲೆ ನಾನು ಬಂದವರಿಗೆಲ್ಲ ಅದನ್ನೇ ಹೇಳಿ ದೊಡ್ಡಸ್ತಿಕೆ ತೋರಿಸಿದೆ. ಚಿಗರಿ ತಟ್ಟೆಯ ಮುಂದೆ ಹಲ್ಲು ಬಡಿದರೆ ಖುಷಿ, ನೀರು ಕುಡಿದು ಬಡಿದರೂ ಖುಷಿ. ಹೀಗೇ ಎರಡು ತಿಂಗಳು ಹೋಯಿತು. ಒಂದು ದಿನ ಸಜ್ಜಿ ರೊಟ್ಟಿಯ ಒಣ ತುಂಡು ಕೊಟ್ಟರೆ ಬಾಯಿಗೆ ತಗೊಂಡು, ತಲೆ ವಾರೆ ಮಾಡಿ, ಕೆಳಗೆ ಬೀಳಿಸಿತು. ಮತ್ತೆ ತಗೊಂಡಿತು, ಮತ್ತೆ ಬೀಳಿಸಿತು. ಆಮೇಲೆ ರೊಟ್ಟಿ ಬಿಟ್ಟು ನನ್ನ ಮುಖ ನೋಡುತ್ತಾ ಹಲ್ಲು ಬಡಿಯಿತು. ಕಿವಿ ಬಿಗಿಯಾಗಿತ್ತು, ಬಾಲ ಕಾಲ ಸಂದಿಯಲ್ಲಿತ್ತು. ತುಟಿ ಎತ್ತಿ ನೋಡಿದೆ. ಬಲಗಡೆ ಮೇಲಿನ ದೊಡ್ಡ ಹಲ್ಲು ಹಲ್ಲಿನ ಹಾಗೇ ಇರಲಿಲ್ಲ, ಕಂದು ಬಣ್ಣದ ಗಾರೆ ಮೆತ್ತಿದ ಹಾಗಿತ್ತು. ವಸಡು ಕೆಂಪಾಗಿ ಮೇಲಕ್ಕೆ ಸರಿದಿತ್ತು. ಆ ವಾಸನೆ ಬೇಡ ಬಿಡಿ.

ಗ್ರೇಹೌಂಡ್‌ಗಳ ಹಲ್ಲು ಹಾಳಾಗೋದು ಎಲ್ಲ ಕಡೆ ಇದ್ದದ್ದೇ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಗ್ರೇಹೌಂಡ್‌ಗಳ ಚಿಕಿತ್ಸಾ ದಾಖಲೆ ತೆಗೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವರ್ಷದಲ್ಲಿ ನೂರಕ್ಕೆ 39 ನಾಯಿಗಳಿಗೆ ಹಲ್ಲಿನ ಕಾಯಿಲೆ ದಾಖಲಾಗಿತ್ತು. ಬೇರೆ ಯಾವ ಕಾಯಿಲೆಯೂ ಅಷ್ಟಿರಲಿಲ್ಲ. ನನ್ನ ಮನೆಯಲ್ಲಿ ಅದಕ್ಕೆ ಹಾಲಲ್ಲಿ ನೆನೆಸಿದ ರೊಟ್ಟಿಯೂ ಸೇರಿಕೊಂಡಿತು. ಮೆತ್ತಗಿರೋದು ಹಲ್ಲಿಗೆ ಅಂಟಿ ಕೂರುತ್ತೆ, ಪಾಚಿ ಕಟ್ಟುತ್ತೆ, ಪಾಚಿ ಎಂಜಲಿನ ಸುಣ್ಣ ಕುಡಿದು ಕಲ್ಲಾಗುತ್ತೆ, ಕಲ್ಲಿನ ಅಡಿಯಲ್ಲಿ ವಸಡು ಕೊಳೆಯುತ್ತೆ. ಬೇರು ಬೆತ್ತಲಾದ ಹಲ್ಲಿಗೆ ತಣ್ಣೀರು ತಾಗಿದರೆ ನಮಗೆ ಹೇಗೆ ಝುಮ್ಮೆನ್ನುತ್ತೋ ಹಾಗೇ ಅದಕ್ಕೂ, ಆ ನೋವಿಗೆ ದವಡೆ ಅದುರುತ್ತದೆ. ಕಣ್ಣಿನ ಕೆಳಗೆ ದಿಢೀರ್ ಊತ ಬಂದರೆ ಕಣ್ಣಿನ ಡ್ರಾಪ್ಸ್ ಹಾಕುತ್ತಾ ಕೂರಬೇಡಿ, ಅದು ಸಾಮಾನ್ಯವಾಗಿ ಈ ಮೇಲಿನ ದೊಡ್ಡ ಹಲ್ಲಿನ ಬೇರಿನ ಕೀವು.

ನಾಯಿಯ ಹಲ್ಲು ಸರಿಯಾಗಿ ತೆಗೆಯಬೇಕು, ತೊಳೆಯಬೇಕು ಅಂದರೆ ಅರಿವಳಿಕೆ ಬೇಕೇ ಬೇಕು. ಇಲ್ಲೊಂದು ಮುಖ್ಯ ವಿಷಯ, ಡಾಕ್ಟರಿಗೆ ಮೊದಲೇ ಹೇಳಿ ಇದು ಗ್ರೇಹೌಂಡ್ ಅಂತ. ಥಯೋಪೆಂಟೋನ್ ಥರದ ಹಳೇ ಔಷಧಿಯನ್ನು ಈ ಜಾತಿಯ ಯಕೃತ್ತು ಬಹಳ ನಿಧಾನವಾಗಿ ಕರಗಿಸುತ್ತದೆ, ಅದನ್ನು ಹೀರಿಟ್ಟುಕೊಳ್ಳೋಕೆ ಮೈಯಲ್ಲಿ ಕೊಬ್ಬೂ ಇಲ್ಲ. ಹಾಗಾಗಿ ಎಚ್ಚರವಾಗೋದು ತುಂಬಾ ತಡವಾಗುತ್ತೆ, ಅಪಾಯವೂ ಹೌದು. ಬೇರೆ ಔಷಧಿಗಳಿವೆ. ರಕ್ತ ಪರೀಕ್ಷೆಯಲ್ಲೂ ಹೀಗೇ, ಕೆಂಪು ರಕ್ತಕಣ ಜಾಸ್ತಿ ಇರುತ್ತೆ, ಥೈರಾಯ್ಡ್ ಅಂಕಿ ಕಡಿಮೆ ಇರುತ್ತೆ, ಗ್ರೇಹೌಂಡಿಗೆ ಅದೇ ಸರಿಯಾದ ಅಂಕಿ. ರಿಪೋರ್ಟಿನಲ್ಲಿ ಕೆಂಪು ಗುರುತು ಕಂಡು ಗಾಬರಿಯಾಗಿ ಮಾತ್ರೆ ಶುರು ಮಾಡಿಸಬೇಡಿ.

ಇನ್ನು ನಿಲ್ಲದ ಕಟಕಟ. ಕರೆದರೂ ನಿಲ್ಲಲ್ಲ, ಬಿಸ್ಕತ್ತು ತೋರಿಸಿದರೂ ನಿಲ್ಲಲ್ಲ, ಚೂಯಿಂಗ್ ಗಮ್ ಅಗಿಯುವ ಹಾಗೆ ದವಡೆ ಆಡುತ್ತಲೇ ಇರುತ್ತೆ, ಜೊಲ್ಲು ನೊರೆಯಾಗುತ್ತೆ. ಅದು ಮಿದುಳಿನಿಂದ ಬಂದ ಸೆಳೆತ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದ್ದು ಡಿಸ್ಟೆಂಪರ್, ಮನುಷ್ಯರ ದಡಾರದ ವೈರಸ್ಸಿನ ಹತ್ತಿರದ ಸಂಬಂಧಿ. ಜ್ವರ, ಕಣ್ಣು ಮೂಗಲ್ಲಿ ಕೀವು, ಭೇದಿ ಆಗಿ ವಾರಗಳ ನಂತರವೂ ಅದು ನರಕ್ಕೆ ಏರಬಹುದು. ಅದರ ಎಳೆತ ನಿದ್ದೆಯಲ್ಲೂ ಬಿಡಲ್ಲ, ಅದೇ ಸ್ನಾಯು, ಅದೇ ತಾಳ. ಕನಸಿನಲ್ಲಿ ಮೊಲ ಅಟ್ಟುವ ನಾಯಿಯೂ ನಿದ್ದೆಯಲ್ಲಿ ಬಾಯಿ ಆಡಿಸುತ್ತೆ, ಕಾಲು ಒದೆಯುತ್ತೆ, ಆದರೆ ಅದಕ್ಕೆ ತಾಳ ಇರಲ್ಲ, ಹೆಸರು ಕೂಗಿದರೆ ಎದ್ದು ಪೆಚ್ಚಾಗಿ ನೋಡುತ್ತೆ. ಡಿಸ್ಟೆಂಪರ್ ಲಸಿಕೆಯನ್ನು ಮರಿಗೆ ಆರೆಂಟು ವಾರದಿಂದಲೇ ಶುರು ಮಾಡಬಹುದು.

ಹತ್ತಿ, ಮೆಣಸಿನಕಾಯಿ ಹೊಲದ ಕಡೆ ನಾಯಿ ತಿರುಗಾಡೋಕೆ ಹೋಗಿ ಬಂದಿದ್ದರೆ ಇನ್ನೊಂದು ಭಯ, ಎಣ್ಣೆ ಹೊಡೆದಿದ್ದಾರಾ ಅಂತ. ಕೆಲವು ಕೀಟನಾಶಕಗಳು ನರ ಮತ್ತು ಸ್ನಾಯುವಿನ ನಡುವಿನ ಸಂದೇಶ ಅಳಿಸಿಹೋಗದ ಹಾಗೆ ಮಾಡುತ್ತವೆ. ಮೈಯೆಲ್ಲ ಅದುರು, ಜೊಲ್ಲು, ವಾಂತಿ, ಭೇದಿ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುತ್ತೆ. ಮಜ್ಜಿಗೆ ಕುಡಿಸುತ್ತಾ ಹೊತ್ತು ಕಳೆಯಬೇಡಿ. ಡಬ್ಬಿ ಸಿಕ್ಕರೆ ಡಬ್ಬಿ ಸಮೇತ ಪಶು ಆಸ್ಪತ್ರೆಗೆ ಓಡಿ, ಅಟ್ರೋಪಿನ್ ಚುಚ್ಚುಮದ್ದು ಇದೆ.

ಅಜ್ಜಿಯ ಹುಚ್ಚುನಾಯಿ ಮಾತನ್ನೂ ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ರೇಬಿಸ್ ಅಂದರೆ ನಾವು ಕಚ್ಚೋಕೆ ಬರುವ ನಾಯಿ ಅಂದುಕೊಳ್ಳುತ್ತೇವೆ. ಅದರ ಇನ್ನೊಂದು ರೂಪ ತೀರಾ ಸಾಧು. ಮೂಲೆಯಲ್ಲಿ ಕೂತಿರುತ್ತೆ, ಕೆಳದವಡೆ ಜೋತುಬಿದ್ದಿರುತ್ತೆ, ಜೊಲ್ಲು ಸುರಿಯುತ್ತೆ, ನುಂಗೋಕೆ ಆಗಲ್ಲ. ನೋಡಿದವರು ಗಂಟಲಲ್ಲಿ ಎಲುಬು ಸಿಕ್ಕಿರಬೇಕು ಅಂತ ಬಾಯಿಗೆ ಕೈ ಹಾಕುತ್ತಾರೆ. ಕೈಯಲ್ಲಿ ಒಂದು ಗೀರು ಇದ್ದರೂ ಆ ಜೊಲ್ಲು ಸಾಕು, ಕಚ್ಚಬೇಕೆಂದಿಲ್ಲ. ಲಸಿಕೆ ಆಗಿರದ, ಎಲ್ಲಿಂದ ಬಂತೋ ಗೊತ್ತಿಲ್ಲದ ನಾಯಿಯ ದವಡೆ ಜೋತುಬಿದ್ದರೆ ಕೈ ಹಾಕಲೇಬೇಡಿ. ಹಾಕಿಬಿಟ್ಟಿದ್ದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ. ಲಕ್ಷಣ ಶುರುವಾದ ಮೇಲೆ ಮನುಷ್ಯನೂ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ.

ಡಾಕ್ಟರ ಹತ್ತಿರ ಹೋಗುವ ಮುನ್ನ ಫೋನಿನಲ್ಲಿ ಒಂದು ವಿಡಿಯೋ ತೆಗೆದುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಹೆದರಿಕೆಗೇ ನಡುಗುತ್ತೆ, ಮನೆಯಲ್ಲಿ ಮಾಡಿದ್ದನ್ನು ಅಲ್ಲಿ ಮಾಡಿ ತೋರಿಸಲ್ಲ. ಬರೀ ಬಾಯಿ ಬೇಡ, ಕಿವಿ, ಬಾಲ ಎಲ್ಲ ಬರಲಿ. ನನ್ನ ಫೋನಿನಲ್ಲಿದ್ದ ಎರಡು ವಿಡಿಯೋ, ಬಾಗಿಲ ಹತ್ತಿರದ್ದು ಮತ್ತು ತಟ್ಟೆಯ ಹತ್ತಿರದ್ದು, ಪಕ್ಕಪಕ್ಕ ಇಟ್ಟು ನೋಡಿದಾಗ ನನಗೇ ನಾಚಿಕೆಯಾಯಿತು. ಅಷ್ಟು ಬೇರೆ ಬೇರೆ ಇದ್ದವು.

ನಾಯಿಗೆ 42 ಹಲ್ಲು. ಚಿಗರಿಗೆ ಈಗ 39. ಆ ಮೇಲಿನ ದೊಡ್ಡದು ಹೋಯಿತು, ಕೆಳಗೆ ಮುಂದಿನ ಸಾಲಿನಲ್ಲಿ ಅಲ್ಲಾಡುತ್ತಿದ್ದ ಎರಡು ಸಣ್ಣವೂ ಹೋದವು. ದಿನಾ ರಾತ್ರಿ ಬ್ರಷ್ ಹಾಕುತ್ತೇನೆ, ನಾಯಿಯ ಪೇಸ್ಟಿನಲ್ಲೇ, ನಮ್ಮ ಪೇಸ್ಟನ್ನು ಅವು ನುಂಗಿಬಿಡುತ್ತವೆ, ಅದು ಅವಕ್ಕೆ ಆಗಲ್ಲ. ತಟ್ಟೆಯ ಮುಂದಿನ ಕಟಕಟ ಹದಿನೈದು ದಿನದಲ್ಲಿ ನಿಂತಿತು. ಸಂಜೆಯದು ಇದೆ. ಮುಂದಿನ ಎರಡು ಹಲ್ಲಿಲ್ಲದ್ದಕ್ಕೆ ಸದ್ದು ಮೊದಲಿನಷ್ಟು ಗರಿಯಾಗಿಲ್ಲ, ನಡುನಡುವೆ ತಪ್ಪುತ್ತದೆ. ನಾನು ಓಣಿ ತಿರುಗುವ ಮೊದಲೇ ಗಾಡಿ ಸಪ್ಪಳಕ್ಕೆ ಗೇಟಿನ ಹತ್ತಿರ ಬಂದು ನಿಂತಿರುತ್ತೆ. ಕಟ್ಟೆ ಮೇಲೆ ಅಕ್ಕಿ ಆರಿಸುತ್ತಾ ಕೂತ ಅಜ್ಜಿ ತಲೆ ಎತ್ತದೆ ಹೇಳುತ್ತಾರೆ, "ಬಂದ ನೋಡು ನಿನ್ನ ಮಾಲಕ, ಬಾರಸು ನಿನ್ನ ಗಿಲಕಿ."