ಜೆಲ್ಲಿಗೆ ಜೆಲಾಟಿನ್ನೇ ಬೇಕಾ?

ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ಬಣ್ಣಬಣ್ಣದ ಜೆಲ್ಲಿ ಪ್ಯಾಕೆಟ್ ನೇತುಹಾಕಿರುತ್ತಾರೆ. ಮೊಮ್ಮಗ ಕೈ ಚಾಚುತ್ತಾನೆ, ಅಜ್ಜಿ ಪ್ಯಾಕೆಟ್ ತಿರುವಿ ನೋಡುತ್ತಾರೆ. ಚೌಕದೊಳಗೆ ಕಂದು ತ್ರಿಕೋನ ಕಂಡರೆ ಮುಗೀತು, ಪ್ಯಾಕೆಟ್ ವಾಪಸ್ ಮೊಳೆಗೆ. ಸಕ್ಕರೆ, ಬಣ್ಣ, ಹಣ್ಣಿನ ಘಮ ಇಷ್ಟೇ ಇರೋ ಮಿಠಾಯಿಗೆ ಮಾಂಸಾಹಾರದ ಗುರುತು ಯಾಕೆ? ಜೆಲಾಟಿನ್‌ನಿಂದಾಗಿ. ಅದು ಹೆಚ್ಚಾಗಿ ದನ, ಹಂದಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಪ್ರೋಟೀನ್.

ಪ್ರಾಣಿಗಳ ಚರ್ಮ, ಮೂಳೆಗೆ ಬಿಗಿ ಕೊಡೋದು ಕೊಲಾಜೆನ್. ಅದು ಮೂರೆಳೆಯ ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಚೆನ್ನಾಗಿ ಬೇಯಿಸಿದರೆ ಎಳೆಗಳು ಬಿಡಿಯಾಗುತ್ತವೆ. ಅದೇ ಜೆಲಾಟಿನ್. ಆರಿದಾಗ ಎಳೆಗಳು ಅಲ್ಲಲ್ಲಿ ಮತ್ತೆ ಸುತ್ತಿಕೊಂಡು ಬಲೆಯಾಗುತ್ತವೆ, ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಈ ಬಲೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಬಿಚ್ಚಿಹೋಗುತ್ತದೆ. ಬಾಯಿಯ ಬಿಸಿ ಅದಕ್ಕಿಂತ ತುಸು ಜಾಸ್ತಿ, ಹಾಗಾಗಿ ನಾಲಿಗೆ ಮೇಲೆ ಇಟ್ಟರೆ ಸಾಕು, ಕರಗುತ್ತದೆ. ಗಿಡಮೂಲದ ಪದಾರ್ಥಗಳಲ್ಲಿ ಈ ಗುಣ ಸುಲಭಕ್ಕೆ ಸಿಗೋದಿಲ್ಲ. ಆದ್ದರಿಂದ ಬದಲಿ ಹುಡುಕುವ ಮುಂಚೆ, ಆ ತಿನಿಸಿನಲ್ಲಿ ಜೆಲಾಟಿನ್ ಮಾಡುತ್ತಿರುವ ಕೆಲಸ ಯಾವುದು ಅಂತ ಕೇಳಿಕೊಳ್ಳಬೇಕು. ಗಟ್ಟಿ ಮಾಡುವುದಾ, ಜಗಿಯಲು ಕೊಡುವುದಾ, ಗಾಳಿ ಹಿಡಿದಿಡುವುದಾ? ಒಂದೊಂದಕ್ಕೂ ಬೇರೆ ಬೇರೆ ಉತ್ತರ.

ಸುಮ್ನೆ ಗಟ್ಟಿಯಾಗಿ ನಿಲ್ಲಬೇಕು ಅಂದರೆ ಅಗರ್ ಸಾಕು. ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಕೇಳಿದರೆ ಸಿಗುತ್ತದೆ. ಇದು ಕೆಂಪು ಕಡಲಪಾಚಿಯ ಸಾರ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ಕಡಲಿಗಿಳಿದು ಈ ಪಾಚಿ ಕೀಳುತ್ತಾರೆ. ಜೆಲಾಟಿನ್ ಜಾಗಕ್ಕೆ ಅಗರ್ ಬಂದ ದೊಡ್ಡ ಕಥೆ ಮಾತ್ರ ನಡೆದದ್ದು ಜರ್ಮನಿಯಲ್ಲಿ, ಅದೂ ಲ್ಯಾಬಿನಲ್ಲಿ. ಬ್ಯಾಕ್ಟೀರಿಯಾ ಬೆಳೆಸಲು ಆಗ ಜೆಲಾಟಿನ್ ಬಳಸುತ್ತಿದ್ದರು. ರೋಗ ತರುವ ಹಲವು ಬ್ಯಾಕ್ಟೀರಿಯಾಗೆ 37 ಡಿಗ್ರಿ ಬೇಕು, ಅಷ್ಟರಲ್ಲಿ ಜೆಲಾಟಿನ್ ನೀರಾಗುತ್ತದೆ. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದುಹಾಕುತ್ತವೆ. 1881ರಲ್ಲಿ ವಾಲ್ಟರ್ ಹೆಸ್ಸೆ ಎಂಬ ವಿಜ್ಞಾನಿ ಇದರಿಂದ ಸೋತಾಗ, ಹೆಂಡತಿ ಫ್ಯಾನಿ ಅಗರ್ ಬಳಸಿ ನೋಡಿ ಅಂದರು. ಅವರ ಅಡುಗೆಮನೆಯ ಜೆಲ್ಲಿ ಬೇಸಿಗೆಯಲ್ಲೂ ಕರಗುತ್ತಿರಲಿಲ್ಲ. ಜಾವಾದಲ್ಲಿ ಇದ್ದು ಬಂದ ನೆರೆಮನೆಯವರಿಂದ ನ್ಯೂಯಾರ್ಕಿನಲ್ಲಿ ಕಲಿತದ್ದಂತೆ. ಮರುವರ್ಷ, ಹೆಸ್ಸೆ ಇದ್ದ ಲ್ಯಾಬಿನ ಮುಖ್ಯಸ್ಥ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾ ಕುರಿತ ತಮ್ಮ ಲೇಖನದಲ್ಲಿ ಅಗರ್ ಹೆಸರು ಹೇಳಿದರು, ಫ್ಯಾನಿ ಹೆಸರು ಹೇಳಲಿಲ್ಲ. ಇಂದಿಗೂ ಆಸ್ಪತ್ರೆಗಳ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಅಗರ್ ಮೇಲೆಯೇ.

ಬಿಸಿಲಲ್ಲಿ ಹುಬ್ಬಳ್ಳಿಯೂ ಆ ಲ್ಯಾಬಿನಷ್ಟೇ ಕಾಯುತ್ತದೆ, ಅಲ್ವಾ? ಏಪ್ರಿಲ್‌ನಲ್ಲಿ ಜೆಲಾಟಿನ್ ಜೆಲ್ಲಿ ಫ್ರಿಜ್‌ನಿಂದ ಹೊರಬಂದರೆ ಹುಟ್ಟುಹಬ್ಬದ ಕೇಕ್ ಕತ್ತರಿಸುವಷ್ಟರಲ್ಲಿ ತಟ್ಟೆಯಲ್ಲಿ ಹರಿದಾಡುತ್ತಿರುತ್ತದೆ. ಅಗರ್ 85 ಡಿಗ್ರಿ ದಾಟದೆ ಕರಗೋದಿಲ್ಲ, ಆದರೆ 40 ಡಿಗ್ರಿಗಿಂತ ತುಸು ಕೆಳಗೆ ಬಂದರೆ ಗಟ್ಟಿಯಾಗುತ್ತದೆ. ಬಳಸುವಾಗ ಎರಡು ಮಾತು ನೆನಪಿರಲಿ. ನೀರಲ್ಲಿ ಚೆನ್ನಾಗಿ ಕುದಿಸಲೇಬೇಕು. ಅವಸರ ಮಾಡಿದರೆ ಎಳೆ ಎಳೆಯಾಗಿ ಬಾಯಿಗೆ ಸಿಗುತ್ತದೆ. ಲಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಹುಳಿಯ ಜೊತೆ ಕುದಿಸಿದರೆ ಅಗರ್ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಹಸಿ ಅನಾನಸ್ ಮತ್ತು ಪಪ್ಪಾಯಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವ ಇರುತ್ತದೆ. ಜೆಲಾಟಿನ್‌ಗೆ ಅವನ್ನು ಹಾಕಿದರೆ ಜೆಲ್ಲಿ ಕೂರೋದೇ ಇಲ್ಲ. ಅಗರ್ ಪ್ರೋಟೀನ್ ಅಲ್ಲವಾದ್ದರಿಂದ ಅದಕ್ಕೆ ಏನೂ ಆಗೋದಿಲ್ಲ.

ಅಗರ್‌ನ ಕುಂದು ಅಂದರೆ ಅದು ಹಲ್ಲಿಗೆ ಪಟ್ಟನೆ ಮುರಿಯುತ್ತದೆ, ಜಗಿಯಲು ಬರೋದಿಲ್ಲ. ಜಗಿಯಬೇಕಾ? ನಮ್ಮ ಬೇಕರಿಗಳ ಬಾಂಬೆ ಹಲ್ವಾ ಇದೆ. ಅದು ಕಾರ್ನ್‌ಫ್ಲೋರ್, ಸಕ್ಕರೆ, ತುಪ್ಪದ ಆಟ. ಬಿಸಿನೀರಲ್ಲಿ ಪಿಷ್ಟದ ಕಣಗಳು ಊದಿ, ಒಳಗಿನ ಉದ್ದನೆಯ ಸರಪಳಿಗಳು ಹೊರಗೆ ಬಂದು ಆರಿದಾಗ ಹೆಣೆದುಕೊಳ್ಳುತ್ತವೆ.

ಕರದಂಟಿಗೆ ಹಾಕುವ ಅಂಟೂ ಗಿಡದ್ದೇ, ಅದರಿಂದ ಜೆಲ್ಲಿ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗೋದಿಲ್ಲ. ಜಾಲಿ ಜಾತಿಯ ಮರದ ಅಂಟಿನ ಅಣುವಿಗೆ ಕವಲು ಜಾಸ್ತಿ. ಬಲೆ ಕಟ್ಟಲಾರದು, ಎಷ್ಟು ಹಾಕಿದರೂ ಪಾಕವಾಗೇ ಉಳಿಯುತ್ತದೆ. ತುಪ್ಪದಲ್ಲಿ ಅರಳಿಸಿ ಕೊಬ್ಬರಿ, ಬೆಲ್ಲದ ಜೊತೆ ತಿನ್ನೋದೇ ವಾಸಿ.

ನನ್ನ ಓಟು ಮಾತ್ರ ಪೇರಲಕ್ಕೆ. ನವಲೂರಿನ ಪೇರಲ ಧಾರವಾಡ ರಸ್ತೆಯಲ್ಲಿ ಬುಟ್ಟಿಗಟ್ಟಲೆ ಬರುತ್ತದೆ, ಅದರಲ್ಲಿ ಪೆಕ್ಟಿನ್ ಧಾರಾಳ. ಹಣ್ಣುಗಳ ಜೀವಕೋಶಗಳ ಗೋಡೆಯಲ್ಲಿರುವ ಈ ಪದಾರ್ಥಕ್ಕೆ ಹೆಸರು ಕೊಟ್ಟವರು ಫ್ರಾನ್ಸಿನ ಹೆನ್ರಿ ಬ್ರಾಕೊನೊ, 1825ರಲ್ಲಿ. ಪೆಕ್ಟಿನ್ ಎಳೆಗಳ ಮೇಲೆ ಋಣ ವಿದ್ಯುತ್ ಇರೋದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಬಿದ್ದರೆ ಆ ಜಗಳ ತಗ್ಗುತ್ತದೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಹತ್ತಿರ ಬಂದು ಕೂಡುತ್ತವೆ. ಎರಡರಲ್ಲಿ ಒಂದು ಕಮ್ಮಿಯಾದರೂ ಕೂರೋದಿಲ್ಲ. ಕುದಿದು ನೀರು ಇಂಗಿದ ಮೇಲೆ ಸಕ್ಕರೆ ಅರ್ಧಕ್ಕಿಂತ ಜಾಸ್ತಿಯೇ ಇರಬೇಕು.

ತೀರಾ ಹಣ್ಣಾದದ್ದು ಬೇಡ, ಕಳಿತಂತೆಲ್ಲ ಪೆಕ್ಟಿನ್ ಒಡೆಯುತ್ತದೆ. ದೋರಗಾಯಿಯನ್ನು ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಒಂದು ಬಟ್ಟಲು ತಿರುಳಿಗೆ ಮುಕ್ಕಾಲು ಬಟ್ಟಲು ಸಕ್ಕರೆ, ಒಂದು ಲಿಂಬೆ. ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ತಿರುವಿ. ಮೊದಲು ಪಟಪಟ ಸಿಡಿಯುತ್ತದೆ, ಉದ್ದನೆಯ ಸೌಟು ಇರಲಿ. ಆಮೇಲೆ ಬಣ್ಣ ಕೆಂಪಿಗೆ ತಿರುಗಿ, ಮುದ್ದೆ ತಳ ಬಿಟ್ಟು ಸೌಟಿನ ಜೊತೆಗೇ ಸುತ್ತಲು ಶುರುಮಾಡುತ್ತದೆ. ಆಗ ತುಪ್ಪ ಸವರಿದ ತಾಟಿಗೆ ಸುರಿದು, ಮರುದಿನ ಕತ್ತರಿಸಿ ಸಕ್ಕರೆಯಲ್ಲಿ ಹೊರಳಿಸಿ. ಗೋವಾದವರು ಇದನ್ನು ಹಿಂದಿನಿಂದಲೂ ಮಾಡುತ್ತಾರೆ.

ಇನ್ನು ಉಳಿದದ್ದು ಸ್ಪಂಜಿನಂಥ ಮಿಠಾಯಿ ಮಾರ್ಷ್‌ಮ್ಯಾಲೋ. ಹೆಸರು ಬಂದದ್ದು ಒಂದು ಗಿಡದಿಂದ, ಮೊದಲು ಮಾಡುತ್ತಿದ್ದದ್ದೂ ಅದರ ಬೇರಿನ ಲೋಳೆಯಿಂದ. ನಮ್ಮ ಬೆಂಡಿಕಾಯಿ, ಹತ್ತಿ, ಪುಂಡಿಪಲ್ಯದ ಕುಟುಂಬದ ಗಿಡ ಅದು. ಈಗ ಅದರೊಳಗಿನ ಗಾಳಿಗುಳ್ಳೆ ಹಿಡಿದಿಡೋದು ಜೆಲಾಟಿನ್. ಮನೆಯಲ್ಲಿ ಅಗರ್ ಹಾಕಿ ಕಡೆದರೆ ಸುಮಾರಾಗಿ ಬರುತ್ತದೆ, ಆದರೆ ಆ ಸ್ಪಂಜಿನ ಎಳೆತ ಬರೋದಿಲ್ಲ. ಅದಕ್ಕೆ ಹಸಿರು ಚುಕ್ಕೆಯ ಪ್ಯಾಕೆಟ್ ಕೊಳ್ಳೋದೇ ಲೇಸು. ಹಿಂದೆ ಸಣ್ಣಕ್ಷರದಲ್ಲಿ, ಆಹಾರಕ್ಕೆ ಬೆರೆಸುವ ಪದಾರ್ಥಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಐಎನ್‌ಎಸ್ 406 ಇದ್ದರೆ ಅಗರ್, 407 ಕ್ಯಾರಗೀನನ್ ಎಂಬ ಇನ್ನೊಂದು ಪಾಚಿಯ ಸಾರ, 440 ಪೆಕ್ಟಿನ್. ಜೆಲಾಟಿನ್‌ನ ಸಂಖ್ಯೆ 428. ಲೇಬಲ್ ಇಲ್ಲದ ಬೇಕರಿ ಮೂಸ್ (ನೊರೆಯಂಥ ಸಿಹಿ), ಕೇಕಿನ ಮೇಲಿನ ಹೊಳಪಿನ ಲೇಪ ಇಂಥವಕ್ಕೆ ಮಾಡಿದವರನ್ನೇ ಕೇಳಬೇಕು.