ನಿಂತ ಪದ್ಮಿನಿಗೆ ಅವಸರದ ಸೆಲ್ಫ್ ಬೇಡ

ಹತ್ತು ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತ ಪ್ರೀಮಿಯರ್ ಪದ್ಮಿನಿ ಕಾರಿಗೆ ಹೊಸ ಬ್ಯಾಟರಿ ಕೂರಿಸಿ, ಎರಡು ಲೀಟರ್ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆದರೆ ಇಂಜಿನ್ ಕೆಲವೊಮ್ಮೆ ಸ್ಟಾರ್ಟ್ ಆಗಿಯೇ ಬಿಡುತ್ತದೆ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುವ ಆ ಒಂದೆರಡು ನಿಮಿಷಗಳಲ್ಲೇ, ಅಷ್ಟು ವರ್ಷ ನಿಂತು ಆಗದಿದ್ದ ಸವೆತ ಆಗಿಹೋಗಬಹುದು.

ಓಡುವ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟ್, ತನ್ನ ಬೇರಿಂಗುಗಳನ್ನು ಮುಟ್ಟುವುದೇ ಇಲ್ಲ ಎಂದರೂ ತಪ್ಪಿಲ್ಲ. ಪಂಪು ಒತ್ತಿ ಕಳಿಸಿದ ಆಯಿಲನ್ನು ತಿರುಗುವ ಶಾಫ್ಟ್ ತನ್ನ ಜೊತೆಗೇ ಎಳೆದುಕೊಳ್ಳುವುದರಿಂದ, ಎರಡು ಲೋಹಗಳ ನಡುವೆ ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ, ಕೆಲವೇ ಮೈಕ್ರಾನ್ ದಪ್ಪದ ಪೊರೆಯೊಂದು ಏರ್ಪಟ್ಟು ಇಡೀ ಭಾರವನ್ನು ಹೊರುತ್ತದೆ. ಗಾಡಿ ವರ್ಷಗಟ್ಟಲೆ ನಿಂತಾಗ ಆ ಆಯಿಲ್ ತಳದ ಚೇಂಬರಿಗೆ ಇಳಿದುಹೋಗಿ, ಮೇಲೆ ಬರೀ ಲೋಹದ ಮೇಲೆ ಲೋಹ ಉಳಿಯುತ್ತದೆ.

ಸಿಲಿಂಡರುಗಳ ಕಥೆ ಇನ್ನೂ ಸ್ವಾರಸ್ಯಕರ. ನಾಲ್ಕು ಸಿಲಿಂಡರಿನ ಈ 1089 ಸಿಸಿ ಇಂಜಿನ್ ಎಲ್ಲಿಯೇ ನಿಂತರೂ ಒಂದಲ್ಲ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಕರಾವಳಿಯ ಅಥವಾ ಮಲೆನಾಡಿನ ಮಳೆಗಾಲದ ತೇವ ಸೈಲೆನ್ಸರಿನ ಮೂಲಕವೋ ಏರ್ ಫಿಲ್ಟರಿನ ಮೂಲಕವೋ ಅಲ್ಲಿಗೆ ತಲುಪಿ ಕಬ್ಬಿಣದ ಗೋಡೆಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದಲೇ ಬಿಚ್ಚಿ ನೋಡಿದಾಗ ಮೂರು ಸಿಲಿಂಡರುಗಳು ಹೊಳೆಯುತ್ತಿದ್ದು, ಒಂದರಲ್ಲಿ ಮಾತ್ರ ಪಿಸ್ಟನ್ ರಿಂಗು ಗೋಡೆಗೆ ಕಚ್ಚಿಕೊಂಡಿರುವುದುಂಟು. ಇಂಥ ಜಾಮ್ ಆದ ಇಂಜಿನ್ನನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಬಿಡಿಸಲು ಹೋದರೆ ರಿಂಗು ಮುರಿಯುತ್ತದೆ, ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಲೂಬಹುದು.

ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ತೂತಿನಲ್ಲೂ ಎರಡು ಚಮಚ ತೆಳು ಆಯಿಲ್ ಬಿಟ್ಟು, ಎರಡು ಮೂರು ದಿನ ಸುಮ್ಮನಿರುವುದೇ ಒಳ್ಳೆಯ ಚಿಕಿತ್ಸೆ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಬೇಕು. ಪ್ಲಗ್ಗಿಲ್ಲದ್ದರಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ, ಅಡ್ಡಿಯಾಗದು. ಫ್ಯಾನ್ ಬೆರಳಗಲ ತಿರುಗಿದರೂ ಅರ್ಧ ಗೆದ್ದಂತೆ.

ಟ್ಯಾಂಕಿನ ಹಳೆಯ ಪೆಟ್ರೋಲಿನ ವಾಸನೆಯೇ ಬೇರೆ, ವಾರ್ನಿಶ್‌ನದು. ಹಗುರ ಅಂಶಗಳು ಆವಿಯಾಗಿ ಹೋದಮೇಲೆ ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನ ಸೂಕ್ಷ್ಮ ಜೆಟ್ಟುಗಳನ್ನು ಮುಚ್ಚುತ್ತದೆ. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಮತ್ತೊಂದು ಗುಣವಿದೆ: ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಮಿತಿಮೀರಿದಾಗ ಅದರೊಂದಿಗೇ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪೆಟ್ರೋಲ್ ಪೈಪು ಎಳೆದುಕೊಳ್ಳುವುದೂ ತಳದಿಂದಲೇ. ಆದ್ದರಿಂದ ಹಳೆಯದನ್ನು ಪೂರ್ತಿ ಬಸಿಯದೆ ಮೇಲೆ ಹೊಸದನ್ನು ಸುರಿಯುವುದು ದಂಡ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮೇಲೆ ಕಟ್ಟಿದ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆಯಾದರೂ, ನಯವಾದ ಮರಳು ಕಾಗದದ ಎರಡು ಎಳೆತಕ್ಕೆ ಅದು ಹೋಗುತ್ತದೆ. ಏರ್ ಫಿಲ್ಟರಿನಲ್ಲಿ ಇಲಿ ಗೂಡು ಮಾಡಿದೆಯೇ ಎಂದು ನೋಡಲು ಮರೆಯಬಾರದು.

ಹಳೆಯ ಆಯಿಲಿನಲ್ಲಿ ದಹನದಿಂದ ಹುಟ್ಟಿದ ಆಮ್ಲ ಮತ್ತು ನೀರು ಸೇರಿರುವುದರಿಂದ ಅದನ್ನು ಬದಲಿಸಲೇಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಅದರ ನಂತರದ್ದು. ಪ್ಲಗ್ಗುಗಳು ಹೊರಗಿರುವಾಗಲೇ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲಿನ ಇಗ್ನಿಷನ್ ವೈರನ್ನು ತೆಗೆದು, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆದು, ನಡುವೆ ಮೋಟಾರು ತಣಿಯಲು ಬಿಡುತ್ತ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನೇ ನೋಡುತ್ತಿರಬೇಕು. ಮೊದಲು ಅದು ಮಿಣುಕುತ್ತದೆ, ಮತ್ತೆ ಹೊತ್ತುತ್ತದೆ, ಕೊನೆಗೊಮ್ಮೆ ಆರುತ್ತದೆ. ಆಯಿಲ್ ಪಂಪು ಒತ್ತಡ ಕಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ.

ಆಮೇಲಷ್ಟೇ ಪ್ಲಗ್ಗು, ವೈರು ಸ್ವಸ್ಥಾನಕ್ಕೆ ಹೋಗಬೇಕು, ಶೆಡ್ಡಿನ ಬಾಗಿಲು ಪೂರ್ತಿ ತೆರೆಯಬೇಕು. ಮೊದಲ ಕೆಲವು ನಿಮಿಷ ಸೈಲೆನ್ಸರಿನಿಂದ ಬರುವ ನೀಲಿ ಹೊಗೆಗೆ ಗಾಬರಿಯಾಗಬೇಕಿಲ್ಲ. ಅದು ನಾವೇ ಚಮಚದಲ್ಲಿ ಬಿಟ್ಟ ಆಯಿಲ್ ಉರಿಯುತ್ತಿರುವುದು.