ಹದಿನೈದನೆಯ ಸ್ಥಾನ ಯಾರಿಗೆ?

ಪ್ರಶ್ನೆ: ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಅಭ್ಯಾಸ ಪಂದ್ಯಗಳಲ್ಲಿ ಚೆನ್ನಾಗಿ ಆಡಿದ ಹುಡುಗನನ್ನು ಋತು ಆರಂಭಕ್ಕೆ ಕೆಲವೇ ದಿನಗಳಿರುವಾಗ ಕೈಬಿಟ್ಟು, ಬೆಂಚಿನಿಂದ ಏಳದ ಹಳಬನನ್ನು ತಂಡಗಳು ಉಳಿಸಿಕೊಳ್ಳುವುದೇಕೆ? – ಹಾಸನದ ಓದುಗರೊಬ್ಬರು

ಉತ್ತರ: ಹೆಚ್ಚುಕಡಿಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲೇ ಎನ್‌ಬಿಎ ಋತುವೂ ಆರಂಭವಾಗುವುದರಿಂದ, ಬೆಳಗಿನ ಜಾವ ಎದ್ದು ಪಂದ್ಯ ನೋಡುವ ನಮ್ಮ ಕಡೆಯ ಯುವಕರು ಪ್ರತಿ ಅಕ್ಟೋಬರ್‌ನಲ್ಲೂ ಈ ಪ್ರಶ್ನೆಯನ್ನು ಕೇಳುತ್ತಾರೆ. ನಮ್ಮ ಜಿಲ್ಲಾ ಪಂದ್ಯಾವಳಿಗಳಿಗೆ ತರಬೇತುದಾರರು ಹನ್ನೆರಡು ಮಂದಿಯನ್ನು ಆರಿಸುವಾಗ ನೋಡುವುದು ಆಟವನ್ನು ಮಾತ್ರ. ಎನ್‌ಬಿಎಯಲ್ಲಿ ಕೊನೆಯ ಎರಡು ಮೂರು ಸ್ಥಾನಗಳನ್ನು ಆಟಕ್ಕಿಂತ ಹೆಚ್ಚಾಗಿ ಒಪ್ಪಂದದ ಕಾಗದವೇ ನಿರ್ಧರಿಸುತ್ತದೆ.

ಬಿಡುವಿನ ಅವಧಿಯಲ್ಲಿ ತಂಡವೊಂದು 21 ಆಟಗಾರರನ್ನು ಇಟ್ಟುಕೊಳ್ಳಬಹುದು. ಋತು ಆರಂಭವಾಗುವ ಹೊತ್ತಿಗೆ 15 ಪೂರ್ಣ ಒಪ್ಪಂದಗಳು ಮತ್ತು 3 ಟು-ವೇ ಒಪ್ಪಂದಗಳಷ್ಟೇ (ಮುಖ್ಯ ತಂಡ, ಕಿರಿಯ ಲೀಗಿನ ತಂಡ ಎರಡರಲ್ಲೂ ಆಡುವವರ ಒಪ್ಪಂದ) ಉಳಿಯಬೇಕು. ಪೂರ್ಣ ಒಪ್ಪಂದದವರಲ್ಲಿ ಬಹುತೇಕರ ಸಂಬಳಕ್ಕೆ ಖಾತರಿ ಇರುತ್ತದೆ. ಅಂಥವನನ್ನು ಕೈಬಿಟ್ಟರೂ ಸಂಬಳ ಕೊಡಲೇಬೇಕು, ಅದು ತಂಡದ ಸಂಬಳದ ಲೆಕ್ಕದಲ್ಲಿಯೂ ಉಳಿಯುತ್ತದೆ. ಅವನ ಜಾಗಕ್ಕೆ ಬಂದವನ ಸಂಬಳ ಬೇರೆ. 2025-26ರ ಋತುವಿಗೆ ತಂಡವೊಂದರ ಒಟ್ಟು ಸಂಬಳದ ಮಿತಿ (ಕೆಲವು ವಿನಾಯಿತಿಗಳಲ್ಲಿ ಇದನ್ನು ದಾಟಬಹುದು) ಸುಮಾರು 15.46 ಕೋಟಿ ಡಾಲರ್, ಅದಕ್ಕೂ ಮೇಲೆ ಹೋದವರು ಲೀಗಿಗೆ ದಂಡದಂತೆ ಕಟ್ಟುವ ಐಷಾರಾಮಿ ತೆರಿಗೆಯ ಗೆರೆ ಸುಮಾರು 18.79 ಕೋಟಿ ಡಾಲರ್. ಗೆರೆ ದಾಟಿದಷ್ಟೂ ತೆರಿಗೆಯ ದರ ಏರುವುದರಿಂದ, ಶ್ರೀಮಂತ ತಂಡಗಳೇ ಹಲವು ಸಲ 14 ಮಂದಿಗೆ ನಿಲ್ಲಿಸಿ ಹದಿನೈದನೆಯ ಸ್ಥಾನವನ್ನು ಖಾಲಿ ಬಿಡುತ್ತವೆ. ಖಾತರಿಯಿಲ್ಲದ ಒಪ್ಪಂದದವನು ಜನವರಿ 10ರವರೆಗೆ ತಂಡದಲ್ಲಿ ಉಳಿದರೆ ಮಾತ್ರ ಅವನ ಉಳಿದ ಋತುವಿನ ಸಂಬಳವೂ ಖಾತರಿಯಾಗುತ್ತದೆ. ಹೀಗಾಗಿ ಕತ್ತರಿ ಮೊದಲು ಬೀಳುವುದು ಅವನ ಮೇಲೆಯೇ.

ಇನ್ನು ಬೆಂಚಿನ ಬಲದ ವಿಷಯ. 48 ನಿಮಿಷದ ಪಂದ್ಯದಲ್ಲಿ ಐದು ಜನರ ಪಾಲಿಗೆ ಒಟ್ಟು 240 ನಿಮಿಷಗಳು ಬರುತ್ತವೆ. ಸಾಮಾನ್ಯವಾಗಿ ಒಂಬತ್ತು ಹತ್ತು ಮಂದಿ ಅದನ್ನು ಹಂಚಿಕೊಳ್ಳುತ್ತಾರೆ. ಉಳಿದವರು ಬೇಕಾಗುವುದು 82 ಪಂದ್ಯಗಳ ದೀರ್ಘ ಋತುವಿನಲ್ಲಿ ಯಾರಾದರೂ ಗಾಯಗೊಂಡಾಗ. ತಂಡದಲ್ಲಿ ಚೆಂಡು ಸಾಗಿಸಿ ಆಟ ಕಟ್ಟುವ ಪಾಯಿಂಟ್ ಗಾರ್ಡ್‌ಗಳು ಇಬ್ಬರೇ ಇದ್ದು, ಚೆಂಡನ್ನು ಬುಟ್ಟಿಗೆ ಹಾಕುವ ಫಾರ್ವರ್ಡ್‌ಗಳು ಆರು ಮಂದಿ ಇದ್ದರೆ, ಏಳನೆಯ ಫಾರ್ವರ್ಡ್ ಎಷ್ಟೇ ಅಂಕ ಗಳಿಸಿದರೂ ತಪ್ಪಿಲ್ಲದೆ ಚೆಂಡು ಸಾಗಿಸಬಲ್ಲ ಹಳಬ ಗಾರ್ಡ್‌ಗೇ ಜಾಗ ಸಿಗುತ್ತದೆ, ಮತ್ತು ಅದು ಸರಿಯಾದ ನಿರ್ಧಾರವೆಂದೇ ನಾನು ತಿಳಿಯುತ್ತೇನೆ. ಅಭ್ಯಾಸ ಪಂದ್ಯದ ಅಂಕಗಳನ್ನು ನಾವು ಅತಿಯಾಗಿ ನಂಬುತ್ತೇವೆ. ಅಲ್ಲಿ ಎದುರಾಳಿ ತಂಡದ ಮುಖ್ಯ ಆಟಗಾರರೂ ಹೆಚ್ಚು ಹೊತ್ತು ಅಂಕಣದಲ್ಲಿರುವುದಿಲ್ಲ.

ಒಪ್ಪಂದದ ತೂಕ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆಯ್ಕೆಯ (ಡ್ರಾಫ್ಟ್) ದಿನದಿಂದಲೇ ಬೇರೆಯಾಗುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾಗಿ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಎರಡು ವರ್ಷದ ಸಂಬಳ ಖಾತರಿ. ಎರಡನೆಯ ಸುತ್ತಿನವನಿಗೆ ಅಂಥ ಭರವಸೆಯಿಲ್ಲ. 2015ರಲ್ಲಿ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ ಪಂಜಾಬಿನ ಸತ್ನಾಮ್ ಸಿಂಗ್, ಹಾಗೆ ಆಯ್ಕೆಯಾದ ಮೊದಲ ಭಾರತೀಯ, ಕಿರಿಯ ಲೀಗಿನಲ್ಲಿ ಆಡಿದರೂ ಒಂದೇ ಒಂದು ಎನ್‌ಬಿಎ ಪಂದ್ಯವನ್ನೂ ಆಡಲಾಗಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಟು-ವೇ ಆಟಗಾರನ ಸಂಬಳ ಹೊಸಬರ ಕನಿಷ್ಠ ಸಂಬಳದ ಅರ್ಧ. ಅದು ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ, ಮತ್ತು ಅವನನ್ನು 50 ಪಂದ್ಯಗಳವರೆಗೆ ಮುಖ್ಯ ತಂಡದಲ್ಲಿ ಬಳಸಬಹುದು. 2019ರಲ್ಲಿ ಯಾವ ತಂಡವೂ ಆರಿಸದ ಲೂ ಡೋರ್ಟ್ ಒಕ್ಲಹೋಮಾ ಸಿಟಿ ತಂಡವನ್ನು ಸೇರಿದ್ದು ಇದೇ ದಾರಿಯಲ್ಲಿ. 2025ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಾಗ ಅವರು ಆರಂಭಿಕ ಐವರಲ್ಲಿ ಒಬ್ಬರಾಗಿದ್ದರು.

ಪ್ರಶ್ನೆ ಕೇಳಿದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಿಬಿರಕ್ಕೆ ಬರುವ ಹಲವರು ಎಕ್ಸಿಬಿಟ್ 10 ಎಂಬ ಷರತ್ತಿನ ಒಪ್ಪಂದದಲ್ಲಿರುತ್ತಾರೆ; ಕೈಬಿಟ್ಟ ಬಳಿಕ ಅದೇ ಸಂಸ್ಥೆಯ ಜಿ ಲೀಗ್ (ಎನ್‌ಬಿಎಯ ಕಿರಿಯ ಲೀಗ್) ತಂಡ ಸೇರಿ ಕನಿಷ್ಠ 60 ದಿನ ಉಳಿದರೆ ಅವರಿಗೆ ಹೆಚ್ಚುವರಿ ಹಣ ಸಿಗುತ್ತದೆ. ಅಂದರೆ, ಅಕ್ಟೋಬರ್‌ನಲ್ಲಿ ನಿಮ್ಮ ಮೆಚ್ಚಿನ ಹುಡುಗನನ್ನು ಕೈಬಿಟ್ಟ ಸುದ್ದಿಯು ಬಹಳ ಸಲ ಸಹಿ ಹಾಕುವ ದಿನವೇ ಎರಡೂ ಕಡೆಯವರು ಒಪ್ಪಿಕೊಂಡಿದ್ದ ವ್ಯವಸ್ಥೆಯ ಒಂದು ಹಂತವಾಗಿರುತ್ತದೆ.